ಅರೆತಲೆನೋವು, ಹತ್ತು ಬೆರಳು, ಒಂದು ಜಿರಳೆ

ಅರೆತಲೆನೋವು ಇದ್ದವನು ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ; ತಿಂಗಳಿಗೆರಡು ತಾವಾಗಿಯೇ ಬರುತ್ತವೆ. ಈಗ ಹೇಳಿಕೊಂಡು ನಗುತ್ತೇನೆ. ಆಗ, ಐವತ್ತರ ದಶಕದ ಮುಂಬಯಿಯಲ್ಲಿ, ಜೀವ ಬಾಯಿಗೆ ಬರುತ್ತಿತ್ತು.

ನಾನು ಧಾರವಾಡದವನು. ಚೆಂಬೂರಿನ ಚಾಳಿನಲ್ಲಿ ಮನೆ, ಬೈಕುಲ್ಲಾದ ಒಂದು ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್ ಕೆಲಸ. ಅಂದರೆ ಮಿಲ್ಲಿನ ಯಂತ್ರಗಳ ನಕ್ಷೆಗೆ ಮಸಿಯಲ್ಲಿ ಗೆರೆ ಎಳೆಯುವವನು. ಕಣ್ಣು, ಬೆರಳು, ಇವೆರಡೇ ನನ್ನ ಆಸ್ತಿ. ತಲೆನೋವು ಕಣ್ಣಿಗೆ ಕೈ ಹಾಕಿತು. ಅದರ ಔಷಧ ಬೆರಳಿಗೆ ಕೈ ಹಾಕಿತು.

ಹೋಗದ ಗೆರೆ

ಒಂದು ಮಧ್ಯಾಹ್ನ ಹಲ್ಲುಚಕ್ರದ ನಕ್ಷೆ ಬರೆಯುತ್ತಿದ್ದೆ. ನಕ್ಷೆ ಬರೆಯುವ ತೆಳು ಟ್ರೇಸಿಂಗ್ ಬಟ್ಟೆಯ ನಡುವೆ ಗರಗಸದ ಹಲ್ಲಿನಂಥ ಗೆರೆಯೊಂದು ಕಂಡಿತು. ಯಾವಾಗ ಎಳೆದೆನೋ ನೆನಪಿಲ್ಲ. ತಪ್ಪಿದ ಮಸಿಯನ್ನು ನಾವು ಬ್ಲೇಡಿನಿಂದ ಕೆರೆದು ತೆಗೆಯುತ್ತಿದ್ದೆವು. ಕೆರೆದೆ. ಹೋಗಲಿಲ್ಲ. ಇನ್ನಷ್ಟು ಕೆರೆದೆ. ಬಟ್ಟೆ ತೂತಾಯಿತು. ಗೆರೆ ಎದ್ದು ಗೋಡೆಯ ಮೇಲೆ ಹೋಗಿ ಮಿನುಗಿತು, ಅಲ್ಲಿಂದ ನಮ್ಮ ಹೆಡ್ ಡ್ರಾಫ್ಟ್ಸ್‌ಮನ್ನರ ಮೂಗಿನ ಮೇಲೆ ಕೂತಿತು. ಕಣ್ಣು ಹೋಯಿತೆಂದೇ ತಿಳಿದೆ. ಅರ್ಧ ಗಂಟೆಗೆ ಗೆರೆ ಮಾಯವಾಗಿ, ತಲೆಯ ಎಡಭಾಗ ಸಿಡಿಯತೊಡಗಿತು.

ಹೆಡ್ ಬೆಳಗಾವಿಯವರು, ಕಟ್ಟುನಿಟ್ಟಿನ ಮನುಷ್ಯ. ಕಣ್ಣಿನ ವಿಷಯ ಅವರಿಗೆ ತಿಳಿದರೆ ಕೆಲಸ ಹೋದಂತೆಯೇ.

"ಏನಲೇ ಇದು ತೂತು?" ಎಂದರು.

"ಜಿರಳೆ ತಿಂದಿರಬೇಕ್ರೀ ಸಾಹೇಬ್ರ."

ಆ ಬಟ್ಟೆಗೆ ಗಂಜಿ ಹಾಕಿರುತ್ತಿದ್ದುದರಿಂದ, ಗಂಜಿಯ ಆಸೆಗೆ ಜಿರಳೆ ಬಂದಿರಬೇಕೆಂದು ನಂಬಿದರು. ತೂತಿಗೆ ತೇಪೆ ಹಾಕಿಸಿದರು. ಜೊತೆಗೆ ಒಂದು ದೊಡ್ಡ ಡಬ್ಬಿ ಜಿರಳೆ ಪುಡಿ ತರಿಸಿ ನನ್ನ ಕೈಗೆ ಕೊಟ್ಟರು.

"ದಿನಾ ಸಂಜೀಕ ಆಫೀಸ್ ತುಂಬ ನೀನ ಹಾಕು. ಅದರ ಗುರ್ತು ಇರೂದು ನಿನಗೊಬ್ಬಂಗ."

ಒಂಟಿ ಚಪ್ಪಲಿ

ಚೆಂಬೂರಿನಲ್ಲಿ ಮೈಸೂರಿನ ಕಡೆಯ ಡಾಕ್ಟರೊಬ್ಬರಿದ್ದರು. ಕಣ್ಣಿಗೆ ಏನೂ ಆಗಿಲ್ಲ, ಆ ಗೆರೆಯೂ ಅರೆತಲೆನೋವಿನದೇ ಎಂದು ಮಾತ್ರೆ ಕೊಟ್ಟರು. ಮಾತ್ರೆ ನೋವನ್ನು ನಿಜಕ್ಕೂ ಓಡಿಸುತ್ತಿತ್ತು. ಬದಲಿಗೆ ಹೊಟ್ಟೆ ತೊಳಸುತ್ತಿತ್ತು, ಕೈಕಾಲು ಜೋಮು ಹಿಡಿದು ತಣ್ಣಗಾಗುತ್ತಿದ್ದವು.

ಒಂದು ಸಂಜೆ ಮನೆಗೆ ಬಂದೆ. ಹೆಂಡತಿ ಬಾಗಿಲಲ್ಲೇ ನಿಂತು ನನ್ನ ಕಾಲು ನೋಡಿದಳು.

"ಅಯ್ಯ, ಇನ್ನೊಂದ್ ಚಪ್ಲಿ ಎಲ್ಲೈತ್ರೀ?"

ಎಡಗಾಲು ಬರಿಗಾಲು. ಬಹುಶಃ ಕುರ್ಲಾದಲ್ಲಿ ಲೋಕಲ್ ರೈಲು ಬದಲಿಸುವ ನೂಕಾಟದಲ್ಲಿ ಕಳಚಿತ್ತು. ಅಲ್ಲಿಂದ ಮನೆತನಕ ನೆಲ ತಾಗಿದ್ದೇ ನನಗೆ ಗೊತ್ತಿಲ್ಲ! ಅವಳು ಹೆಬ್ಬೆರಳು ಚಿವುಟಿ, "ಗೊತ್ತಾತೇನ್ರೀ?" ಎಂದಳು. ಇಲ್ಲ. ಉಗುರು ಊರಿ ಚಿವುಟಿದಳು. ಇಲ್ಲ. ಇಬ್ಬರೂ ಆಗಲೇ ಡಾಕ್ಟರ ಬಳಿ ಓಡಿದೆವು.

ಡಾಕ್ಟರು ಗದರಿದರು: "ದಿನಕ್ಕೆ ಎರಡರ ಮೇಲೆ ತಗೋಬೇಡಿ ಅಂದಿರಲಿಲ್ವೆ? ಮಿತಿ ಮೀರಿದ್ರೆ ಬೆರಳ ತುದಿಗೆ ರಕ್ತ ಹೋಗಲ್ಲ. ಕಪ್ಪಾಗುತ್ತೆ. ಆಮೇಲೆ ಕತ್ತರಿಸಬೇಕಾಗುತ್ತೆ."

ಆ ಮಾತು ಕೇಳಿ ನನಗೆ ಅನ್ನ ಇಳಿಯಲಿಲ್ಲ. ಹೆಂಡತಿ ಮಾತ್ರ ಒಂದು ಉಪಾಯ ಹುಡುಕಿದಳು.

"ಗುಳಿಗಿ ತಗೊಂಡ ದಿನ ಚಪ್ಲಿ ಕೈಯಾಗ ಹಿಡ್ಕೊಂಡ್ ಬರ್ರಿ."

ಕಪ್ಪು ಬೆರಳು

ಅಷ್ಟು ಹೆದರಿದ್ದವನೇ ಒಂದು ದಿನ ಮೂರನೇ ಮಾತ್ರೆ ನುಂಗಿದೆ. ಹಾಗಿತ್ತು ಆ ನೋವು. ಊಟದ ಬಿಡುವಿನಲ್ಲಿ ಪೆನ್ನು ಒರೆಸುವ ಬಟ್ಟೆಯನ್ನು ಬಲಗೈಯ ಅಡಿಗೆ ಮಡಚಿಟ್ಟುಕೊಂಡು, ಮೇಜಿಗೆ ತಲೆ ಆನಿಸಿದೆ. ಮಂಪರು ಹತ್ತಿತು.

ಕಣ್ಣು ಬಿಟ್ಟಾಗ ಬಲಗೈಯ ನಾಲ್ಕು ಬೆರಳ ತುದಿ ಕಪ್ಪಾಗಿದ್ದವು.

ನಲ್ಲಿಗೆ ಓಡಿ ನೀರು ಬಿಟ್ಟೆ. ಬಣ್ಣ ಹೋಗಲಿಲ್ಲ, ನೀರಿನ ತಂಪೂ ತಿಳಿಯಲಿಲ್ಲ. ತಿಕ್ಕಲು ಧೈರ್ಯವಿಲ್ಲ, ಚರ್ಮ ಕಿತ್ತು ಬಂದರೆ? ಕೈಯನ್ನು ಕರವಸ್ತ್ರದಲ್ಲಿ ಸುತ್ತಿ ಹೆಡ್ ಎದುರು ನಿಂತೆ. ಬೆರಳಿಲ್ಲದವನು ಇನ್ನೇನನ್ನು ಮುಚ್ಚಿಡಬೇಕು?

"ಸಾಹೇಬ್ರ, ನನ್ನ ಕೈ ಹೋತ್ರಿ. ಇನ್ನ ಈ ಆಫೀಸಿಗೆ ಬರೂದಿಲ್ಲ. ಆವತ್ತಿನ ತೂತು ಜಿರಳಿದಲ್ಲ, ನಂದ. ಕ್ಷಮಾ ಮಾಡ್ರಿ."

ಅವರು ಗಾಬರಿಯಾಗಿ, "ತೂತು ಹಾಳಾಗ್ಲಿ, ಮೊದಲ ಡಾಕ್ಟರ್ ಕಡೆ ಹೋಗು!" ಎಂದು ಟ್ಯಾಕ್ಸಿ ಹತ್ತಿಸಿದರು.

ಚೆಂಬೂರಿನತನಕ ಹೆಂಡತಿಗೆ ಹೇಗೆ ಹೇಳಲಿ ಎಂದು ಅತ್ತೆ. ಡಾಕ್ಟರು ಕರವಸ್ತ್ರ ಬಿಚ್ಚಿದರು. ಅವರ ಮುಖವೂ ಇಳಿಯಿತು.

"ಎಷ್ಟು ತಗೊಂಡ್ರಿ?"

"ಮೂರು."

ಸೂಜಿ ಚುಚ್ಚಿ ನೋಡೋಣವೆಂದು ಸ್ಪಿರಿಟ್ಟಿನ ಹತ್ತಿಯಿಂದ ತೋರುಬೆರಳು ಒರೆಸಿದರು. ಹತ್ತಿ ಕಪ್ಪಾಯಿತು, ಬೆರಳು ಬೆಳ್ಳಗಾಯಿತು. ಹತ್ತಿಯನ್ನು ಮೂಗಿಗೆ ಹಿಡಿದು ನನ್ನನ್ನೇ ದಿಟ್ಟಿಸಿದರು. ನಮ್ಮ ಡ್ರಾಯಿಂಗ್ ಮಸಿ ನೀರಿಗೆ ಹೋಗುವುದಲ್ಲ, ಸ್ಪಿರಿಟ್ಟಿಗೆ ಹೋಗುತ್ತದೆ. ಅದನ್ನು ವರ್ಷಗಟ್ಟಲೆ ಬಳಸಿದವನು ನಾನೇ! ಒರೆಸುವ ಬಟ್ಟೆಯಲ್ಲಿದ್ದ ಹಸಿ ಮಸಿಯೆಲ್ಲ ನನ್ನ ಬೆರಳಿಗೆ ಬಂದಿತ್ತು.

ಡಾಕ್ಟರು ಆ ಮಾತ್ರೆ ನಿಲ್ಲಿಸಿದರು. ಚೀಟಿಯಲ್ಲಿ ಬರೆದರು: "ಬೆರಳಿಗೆ: ಸ್ಪಿರಿಟ್, ಆಮೇಲೆ ಸಾಬೂನು. ಊಟಕ್ಕೆ ಮುಂಚೆ."

ಬೆರಳು ಉಳಿದವು, ಸರಿ. ಆದರೆ ಮರುದಿನ ಆ ಹತ್ತೂ ಬೆರಳನ್ನು ತೆಗೆದುಕೊಂಡು ಆಫೀಸಿಗೆ ಹೋಗಬೇಕಲ್ಲ! ಮೆಟ್ಟಿಲು ಹತ್ತುವಾಗ, ಮಾತ್ರೆ ಇಲ್ಲದೆಯೇ, ಕಾಲು ಜೋಮು ಹಿಡಿದವು.

ಹೆಡ್ ನನ್ನ ಕೈಗಳನ್ನು ತಿರುವಿ ತಿರುವಿ ನೋಡಿದರು.

"ಹತ್ತೂ ಅದಾವಲ್ಲ. ಛಲೋ ಆತು. ಕೂಡು, ಆ ತೂತಿನ ನಕ್ಷಾ ಮತ್ತ ಮೊದಲಿಂದ ಬರಿ."

ಬದುಕಿದೆನೆಂದು ಕುರ್ಚಿ ಎಳೆದೆ. ಅವರು ಪುಡಿಯ ಡಬ್ಬಿ ತಂದು ನನ್ನ ಮೇಜಿನ ಮೇಲೆ ಕುಕ್ಕಿದರು.

"ಇನ್ನ ಆಫೀಸ್ ತುಂಬ ಹಾಕೂದು ಬ್ಯಾಡ. ನಿನ್ನ ಕುರ್ಚಿ ಸುತ್ತ ಅಷ್ಟ ಹಾಕು, ಸಾಕು."