ಕಾಲರಿನೊಳಗಿನ ವಿಳಾಸ

ಅತ್ತೆಯ ಹೆಸರನ್ನು ಓರಗಿತ್ತಿ ಹೊತ್ತುಕೊಂಡು ಹೋದದ್ದನ್ನು ದೊಡ್ಡ ಸೊಸೆ ಮೂರು ವರ್ಷವಾದರೂ ಕ್ಷಮಿಸಿರಲಿಲ್ಲ. ಅತ್ತೆಯವರು ಇಬ್ಬರು ಸೊಸೆಯರಿಗೂ ಹೊಲಿಗೆ ಕಲಿಸಿ ಕಣ್ಣು ಮುಚ್ಚಿದ್ದರು. ಇಬ್ಬರೂ ತಂತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅಂಗಡಿ ತೆರೆದು ‘ಅಮ್ಮನ ಕತ್ತರಿ’ ಎಂಬ ಒಂದೇ ಫಲಕವನ್ನು ತೂಗುಹಾಕಿದರು. ಬೀದಿಗಳು ಬೇರೆಯಾದ್ದರಿಂದ ಅದು ಹೇಗೋ ನಡೆಯಿತು. ಅಂತರ್ಜಾಲದಲ್ಲಿ ಮಾತ್ರ ಒಂದು ಹೆಸರು ಒಬ್ಬರಿಗೇ ಸಲ್ಲತಕ್ಕದ್ದು. ಅದನ್ನು ಚಿಕ್ಕವಳು ದೊಡ್ಡವರಿಗಿಂತ ಒಂದು ವಾರ ಮುಂಚೆಯೇ ನೋಂದಾಯಿಸಿಬಿಟ್ಟಿದ್ದಳು. ಅಂದಿನಿಂದ ಮಾತುಕತೆ ಬಂದ್.

ಈ ವರ್ಷ ಶಾಲೆಯೊಂದರ ಸಮವಸ್ತ್ರದ ಮೊದಲ ಜೊತೆ ಹೊಲಿಯುವ ಕೆಲಸ ದೊಡ್ಡ ಸೊಸೆಗೆ ಸಿಕ್ಕಿತು. ಎರಡನೆಯ ಜೊತೆಯನ್ನು ಪೋಷಕರು ತಮಗೆ ಮೆಚ್ಚುಗೆಯಾದ ದರ್ಜಿಯ ಜಾಲತಾಣದಲ್ಲೇ ಕೇಳಿಕೊಳ್ಳಬೇಕು. ಯಾರಿಗೆ ಹೆಚ್ಚು ಆರ್ಡರ್ ಬರುವುದೋ ಅವರಿಗೆ ಮೂರು ವರ್ಷದ ಗುತ್ತಿಗೆ ಎಂದು ಶಾಲೆ ವಿಧಿಸಿತು.

ಆಗ ದೊಡ್ಡ ಸೊಸೆಯ ಪತಿರಾಯರಿಗೆ ಜ್ಞಾನೋದಯವಾಯಿತು. (ಅವರಿಗೆ ಜ್ಞಾನೋದಯವಾದಾಗಲೆಲ್ಲ ಮನೆಯವರು ಗಟ್ಟಿಯಾದದ್ದೇನನ್ನಾದರೂ ಹಿಡಿದುಕೊಳ್ಳುವುದು ವಾಡಿಕೆ.) ಹಳೆಯ ನೋಂದಣಿ ಸಂಸ್ಥೆಗೆ ಸಡ್ಡು ಹೊಡೆದು ಹೊಸದೊಂದು ಕಂಪನಿ ಹುಟ್ಟಿದೆಯಂತೆ, ಅದು ಹೆಸರುಗಳ ಸ್ವಂತ ಪಟ್ಟಿಯನ್ನೇ ಇಟ್ಟಿದೆಯಂತೆ, ಆ ಪಟ್ಟಿಯಲ್ಲಿ ‘ಅಮ್ಮನ ಕತ್ತರಿ’ ಇನ್ನೂ ಖಾಲಿಯಂತೆ. ಅರ್ಧ ಗಂಟೆಯಲ್ಲಿ ನೋಂದಣಿ ಮುಗಿಯಿತು. ಕಂಪನಿಯ ಸೂಚನೆಯಂತೆ ಮನೆಯ ಇಂಟರ್ನೆಟ್ ಪೆಟ್ಟಿಗೆಯಲ್ಲಿ ಏನೇನೋ ಬದಲಾಯಿಸಿದರು. ದೊಡ್ಡ ಸೊಸೆ ಫೋನಿನಲ್ಲಿ ವಿಳಾಸ ಒತ್ತಿದರೆ, ಕೊರಳಲ್ಲಿ ಅಳತೆ ಟೇಪು ಧರಿಸಿದ ಅವರದೇ ಭಾವಚಿತ್ರ ಮೂಡಿತು. ಮೂರು ಸಲ ನೋಡಿ, ಒಂದು ಸಲ ಅತ್ತರು. ಮರುದಿನವೇ ಆ ವಿಳಾಸದ ಲೇಬಲ್ಲುಗಳನ್ನು ಮಾಡಿಸಿ, ಮುನ್ನೂರು ಅಂಗಿಗಳ ಕಾಲರಿನೊಳಗೆ ಸ್ವಹಸ್ತದಿಂದ ಹೊಲಿದರು. ಬಿಚ್ಚಿದರೆ ಬಟ್ಟೆ ಹರಿಯಬೇಕೇ ಹೊರತು ಲೇಬಲ್ ಬರಕೂಡದು, ಹಾಗೆ.

ಅಂಗಿಗಳು ಶಾಲೆಗೆ ಹೋಗಿ ಎಂಟು ದಿನ ಕಳೆದರೂ ಒಂದು ಆರ್ಡರ್ ಬರಲಿಲ್ಲ. ಬೆಳಗ್ಗೆ ಎದ್ದು ನೋಡಿದರೆ ಜಾಲತಾಣ ಲಕಲಕ ಹೊಳೆಯುತ್ತಿತ್ತು. ಈಗಿನ ತಂದೆತಾಯಿಗಳಿಗೆ ಅಭಿರುಚಿಯೇ ಇಲ್ಲವೆಂದು ಅವರು ತೀರ್ಪಿತ್ತರು.

ಒಂಬತ್ತನೆಯ ದಿನ ಶಾಲೆಯ ಗುಮಾಸ್ತರು ಗುತ್ತಿಗೆ ಪತ್ರ ಹಿಡಿದು ಬಂದು ಅಭಿನಂದಿಸಿದರು. ನೂರ ಎಂಬತ್ತು ಆರ್ಡರ್ ಆಗಿವೆ, ಗುತ್ತಿಗೆ ಖಚಿತ ಎಂದರು. ಯಾವ ಆರ್ಡರ್ ಎಂದು ಇವರು ಬೆರಗಾಗಿ ಕೇಳಲು, ಗುಮಾಸ್ತರು ತಮ್ಮ ಫೋನನ್ನೇ ಮುಂದೆ ಹಿಡಿದರು.

“ಫೋಟೋದಲ್ಲಿ ಮಾತ್ರ ನೀವು ಸ್ವಲ್ಪ ಸಣ್ಣಗೆ ಕಾಣ್ತೀರಿ, ಮೇಡಂ.”

ವಿಳಾಸ ಅಕ್ಷರಶಃ ಅದೇ. ಮುಖ ಓರಗಿತ್ತಿಯದು. ಬೇರೆ ಯಾರನ್ನೂ ಕೂರಗೊಡದ ಕತ್ತರಿಸುವ ಮೇಜಿನ ಮೇಲೆ ದೊಡ್ಡ ಸೊಸೆ ತಾವೇ ಕುಸಿದು ಕುಳಿತರು.

ಒಳಗಿನಿಂದ ಕರೆಸಲ್ಪಟ್ಟ ಪತಿರಾಯರ ಮುಖ ಸೀಮೆಸುಣ್ಣದಂತಾಯಿತು. ಲೋಕದ ಯಂತ್ರಗಳೆಲ್ಲ ಹೆಸರು ಕಂಡೊಡನೆ ಹಳೆಯ ಪಟ್ಟಿಯನ್ನೇ ಕೇಳುತ್ತವೆ, ಹೊಸ ಪಟ್ಟಿಯನ್ನು ಕೇಳುವುದು ನಮ್ಮ ಪೆಟ್ಟಿಗೆಯೊಂದೇ ಎಂದು ತೊದಲಿದರು.

“ಅಂದ್ರೆ ನಮ್ಮ ಅಂಗಡಿ ಎಲ್ಲೆಲ್ಲಿ ಕಾಣುತ್ತೆ?”

“ನಮ್ಮ ಮನೇಲಿ.” ಹಿಂಬಾಗಿಲ ಕಡೆ ನೋಡಿ, “ಹಿತ್ತಲಲ್ಲೂ ಕಾಣುತ್ತೆ,” ಎಂದರು.

ದೊಡ್ಡ ಸೊಸೆ ಮೇಜಿನಿಂದ ಏಳುವ ಮೊದಲೇ ಫೋನ್ ರಿಂಗಣಿಸಿತು. ಓರಗಿತ್ತಿ. ಮೂರು ವರ್ಷದಲ್ಲಿ ಮೊದಲ ಸಲ, ಅದೂ ಗುಮಾಸ್ತರಿಗೂ ಕೇಳಿಸುವಷ್ಟು ಜೋರಾಗಿ ಬಿಕ್ಕುತ್ತ.

“ಅಕ್ಕಾ, ಆರ್ಡರ್ ಯಾಕೆ ಬರ್ತಿವೆ ಅಂತ ಇವತ್ತು ಗೊತ್ತಾಯ್ತು. ಒಂದೊಂದು ಕಾಲರಲ್ಲೂ ನನ್ನ ವಿಳಾಸ ಹೊಲಿದಿದ್ದೀರಿ. ನಾನು ನಿಮ್ಮನ್ನ ಎಷ್ಟು ಕೆಟ್ಟದಾಗಿ ತಿಳ್ಕೊಂಡಿದ್ದೆ.”

ತಾನು ದಡ್ಡಿ ಎಂದು ಒಪ್ಪಿಕೊಂಡರೆ ಗುತ್ತಿಗೆ ಉಳಿಯುವ ಸಾಧ್ಯತೆಯಿತ್ತು. ಹೇಗೂ ಗುಮಾಸ್ತರು ಎದುರಿಗೇ ನಿಂತಿದ್ದರು. ದೊಡ್ಡ ಸೊಸೆ ಬೆನ್ನು ನೆಟ್ಟಗೆ ಮಾಡಿಕೊಂಡರು.

“ಮನೆಗೆ ಹಿರಿಯಳು ಅಂದಮೇಲೆ ಇಷ್ಟೂ ಮಾಡದಿದ್ರೆ ಹೇಗಮ್ಮ?”

ಗುಮಾಸ್ತರು ಭಕ್ತಿಯಿಂದ ಕೈಮುಗಿದು, ಗುತ್ತಿಗೆ ಪತ್ರವನ್ನು ಎತ್ತಿಕೊಂಡು ಓರಗಿತ್ತಿಯ ಬೀದಿಯ ಕಡೆ ನಡೆದರು. ಪತಿರಾಯರು ಬೆಕ್ಕಸಬೆರಗಾಗಿ ಹೆಂಡತಿಯ ಮುಖ ನೋಡಿದರು.

“ಇದನ್ನೆಲ್ಲ ಬೇಕಂತಲೇ ಮಾಡಿದ್ಯಾ?”

“ಇನ್ನೇನು ಮತ್ತೆ,” ಎಂದು ದೊಡ್ಡ ಸೊಸೆ ಹಲ್ಲು ಕಚ್ಚಿಕೊಂಡು ಹೇಳಿದರು.