ಹನ್ನೊಂದನೇ ಪಾತಿಯ ಬುಷ್ ಟರ್ಕಿಯವರಲ್ಲಿ ಒಂದು ಸಹಿಗಾಗಿ ಬಿನ್ನಹ

ಮಾನ್ಯ ಬುಷ್ ಟರ್ಕಿಯವರೇ,

ಬ್ರಿಸ್ಬೇನಿನ ನಮ್ಮ ಬಡಾವಣೆಯ ಸಮುದಾಯ ತೋಟದಲ್ಲಿ ಹನ್ನೊಂದನೇ ಪಾತಿಯ ಕಾಗದದ ಮೇಲಿನ ಒಡೆಯನಾದ ನಾನು, ಅದೇ ಪಾತಿಯ ನಿಜವಾದ ಒಡೆಯರೂ ಕೋಳಿಯಂಥ ದೊಡ್ಡ ಕಾಡುಹಕ್ಕಿಯೂ ಆದ ತಮ್ಮ ಕಪ್ಪು ಮೈಗೂ, ಬೋಳು ಕೆಂಪು ತಲೆಗೂ, ಸನ್ಮಾನದ ಶಲ್ಯದಂತೆ ಕೊರಳಲ್ಲಿ ಜೋತಾಡುವ ಹಳದಿ ಚರ್ಮಕ್ಕೂ ಬೇರೆ ಬೇರೆಯಾಗಿ ವಂದಿಸುತ್ತೇನೆ. ತಾವು ಕ್ಷೇಮವಾಗಿರುವುದನ್ನು ದಿನವೂ ಕಣ್ಣಾರೆ ನೋಡುತ್ತಿರುವುದರಿಂದ ಕುಶಲ ವಿಚಾರಿಸುವುದಿಲ್ಲ. ನನ್ನ ಕುಶಲ ತಾವು ವಿಚಾರಿಸುವ ಸಂಭವವಿಲ್ಲ.

ಮೂರನೇ ಮಹಡಿಯ ಬಿಸಿಲು ಕಾಣದ ಫ್ಲ್ಯಾಟಿನಲ್ಲಿ ಅರವತ್ತೆರಡನೇ ವಯಸ್ಸಿನವರೆಗೂ ಪಾರ್ಸ್ಲಿ ಸೊಪ್ಪಿನ ಕುಂಡವೊಂದನ್ನು ಕೂಡ ಬದುಕಿಸಿಕೊಳ್ಳಲಾಗದ ನಾನು, ಸ್ವಂತ ಕೈಯಿಂದ ಬೆಳೆದ ಒಂದೇ ಒಂದು ಸೌತೆಕಾಯಿ ತಿನ್ನುವ ಆಸೆಯಿಂದ ತೋಟದ ಕಾಯುವವರ ಪಟ್ಟಿಯಲ್ಲಿ ಎರಡು ವರ್ಷ ಏಳು ತಿಂಗಳು ನಿಂತೆ. ಮುಂದಿದ್ದ ಹೆಸರುಗಳು ಕೆಲವು ಊರು ಬಿಟ್ಟು, ಕೆಲವು ಲೋಕವನ್ನೇ ಬಿಟ್ಟು ಸರಿದ ಮೇಲೆ, ಆಗಸ್ಟಿನಲ್ಲಿ ನನ್ನ ಸರದಿ ಬಂತು. ತಾವಾದರೋ ಅರ್ಜಿ ಹಾಕಲಿಲ್ಲ, ನಿಯಮಾವಳಿ ಓದಲಿಲ್ಲ, ಹಾವು ಕಂಡರೆ ಏನು ಮಾಡಬೇಕೆಂಬ ಎರಡು ಗಂಟೆಯ ತರಬೇತಿಗೂ ಕೂರಲಿಲ್ಲ. ಸೋಮವಾರ ನಾನು ಬೀಜ ಬಿತ್ತಿದೆ. ಗುರುವಾರ ಬಂದು ನೋಡಿದರೆ ಇಡೀ ತೋಟದ ತರಗೆಲೆ, ಹುಲ್ಲು, ಮರದ ಚೂರು, ನೆರೆಯವರ ಲೆಟಿಸ್, ಎಲ್ಲವನ್ನೂ ತಾವು ಹಿಂಗಾಲಿನಿಂದ ಕೆದರಿ ಕೆದರಿ ನನ್ನ ಪಾತಿಗೆ ತಂದು, ಒಂದು ಕಾರನ್ನು ಮುಚ್ಚುವಷ್ಟು ಗುಡ್ಡೆ ಹಾಕಿ, ಅದರ ನೆತ್ತಿಯ ಮೇಲೆ ನಿಂತು ನನ್ನನ್ನು ಯಾರೋ ಅಪರಿಚಿತನೆಂಬಂತೆ ನೋಡಿದಿರಿ.

ತಮ್ಮ ಹೆಂಡಂದಿರು ಆ ಗುಡ್ಡೆಯಲ್ಲಿ ಮೊಟ್ಟೆ ಇಟ್ಟು ಹೊರಟುಹೋಗುತ್ತಾರೆಂದೂ, ಕೊಳೆಯುವ ಎಲೆಯ ಕಾವಿನಲ್ಲೇ ಮರಿಗಳಾಗುತ್ತವೆಂದೂ, ಆ ಕಾವು ಏರದಂತೆ ಇಳಿಯದಂತೆ ಕಾಯುವುದು ಗಂಡಾದ ತಮ್ಮೊಬ್ಬರ ಹೊಣೆಯೆಂದೂ ಆಮೇಲೆ ತಿಳಿಯಿತು. ನಮ್ಮ ಕಾರ್ಯದರ್ಶಿ ಲೋರ್ನಾ ಪಿಕರ್ಸ್‌ಗಿಲ್ ವನ್ಯಜೀವಿ ಕಚೇರಿಗೆ ಫೋನು ಮಾಡಿ ಬಂದು, "ಹಕ್ಕಿ ಮುಟ್ಟೋ ಹಾಗಿಲ್ಲ, ಗುಡ್ಡೆ ಮುಟ್ಟೋ ಹಾಗಿಲ್ಲ, ಕಾನೂನಿದೆ. ನಿನ್ನ ಮುಟ್ಟಿದ್ರೆ ಯಾರೂ ಏನೂ ಅನ್ನಲ್ಲ, ಡೆನಿಸ್" ಎಂದು ನನ್ನ ಕಾನೂನಾತ್ಮಕ ಸ್ಥಾನಮಾನವನ್ನು ಸ್ಪಷ್ಟಪಡಿಸಿದರು.

ಆದರೂ ನಾವು ತಮ್ಮನ್ನು ಗೌರವದಿಂದಲೇ ಬೀಳ್ಕೊಡಲು ಯತ್ನಿಸಿದೆವೆಂಬುದನ್ನು ತಾವು ಮರೆಯಬಾರದು. ಹನ್ನೆರಡನೇ ಪಾತಿಯಲ್ಲಿ ನಿಂಬೆಹುಲ್ಲು, ಹಾಗಲಕಾಯಿ ಬೆಳೆಯುವ ವಿಯೆಟ್ನಾಮಿನ ಲಿಯೆನ್ ಅಜ್ಜಿ, ಎದುರಾಳಿ ಗಂಡನ್ನು ಕಂಡರೆ ತಾವು ಜಾಗ ಬಿಡಬಹುದೆಂದು ಹೇಳಿದ್ದರಿಂದ ನನ್ನ ಬಚ್ಚಲಿನ ಕನ್ನಡಿಯನ್ನೇ ತಂದು ತಮ್ಮ ಮುಂದೆ ನಿಲ್ಲಿಸಿದೆ. ತಾವು ಅದರ ಮುಂದೆ ಇಡೀ ದಿನ ಹಳದಿ ಶಲ್ಯ ಸರಿಮಾಡಿಕೊಳ್ಳುತ್ತ ನಿಂತಿರಿ. ನಾನು ಮೂರು ವಾರದಿಂದ ಅಂದಾಜಿನ ಮೇಲೆ ಗಡ್ಡ ಹೆರೆಯುತ್ತಿದ್ದೇನೆ. ಬಳಿಕ ಸಮಿತಿಯು ಸುದೀರ್ಘ ಚರ್ಚೆ ನಡೆಸಿ, ತಮ್ಮನ್ನು ಅತ್ತ ಸೆಳೆಯಲೆಂದು ಬೇಲಿಯ ಮೂಲೆಯಲ್ಲಿ ಒಂದು ಲಾರಿ ಮರದ ಚೂರು ಸುರಿಸಿತು. ನಾಲ್ಕೇ ದಿನದಲ್ಲಿ ತಾವು ಆ ಲಾರಿಯಷ್ಟನ್ನೂ ತೋಟದ ಉದ್ದಕ್ಕೂ ಎಳೆದು ತಂದು ನನ್ನ ಪಾತಿಗೇ ಸೇರಿಸಿದಿರಿ. ಅಜ್ಜಿ ತಾವು ಕೆದರುವುದನ್ನು ಬಹಳ ಹೊತ್ತು ನೋಡಿ, "ಅವನು ದುಡೀತಾನೆ, ನೀನು ಮಾತಾಡ್ತೀಯ. ನಾನಾಗಿದ್ರೂ ಪಾತಿ ಅವನಿಗೇ ಕೊಡ್ತಿದ್ದೆ" ಎಂದರು. ಅವರೊಂದಿಗೆ ನಾನು ಎರಡು ದಿನ ಮಾತು ಬಿಟ್ಟಿದ್ದೆ. ಅವರು ಅದನ್ನು ಗಮನಿಸಲಿಲ್ಲ.

ಇಷ್ಟೇ ಆಗಿದ್ದರೆ ತಮಗೆ ತೊಂದರೆ ಕೊಡುತ್ತಿರಲಿಲ್ಲ. ಆದರೆ ನಿಯಮ ಒಂಬತ್ತರ ಪ್ರಕಾರ ತೊಂಬತ್ತು ದಿನ ಕೃಷಿಯಿಲ್ಲದೆ ಬಿದ್ದ ಪಾತಿ ಪಟ್ಟಿಯ ಮುಂದಿನವರಿಗೆ ಹೋಗುತ್ತದೆ. ಆ ಮುಂದಿನವರು ಕ್ಲೈವ್ ರಡ್ಜ್. ಅವರು ಪ್ರತಿ ಶನಿವಾರ ಬಂದು, "ಪಾಪ, ನಿನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ ಮಾರಾಯ" ಎಂದು ಸಂತಾಪ ಸೂಚಿಸಿ, ಹಾಗೆಯೇ ಜೇಬಿನಿಂದ ಅಳತೆ ಟೇಪು ತೆಗೆದು ನನ್ನ ಪಾತಿಯ ಅಗಲ ನೋಡಿ ಹೋಗುತ್ತಾರೆ. ಹೋದ ವಾರ, "ಇಲ್ಲಿ ಗುಲಾಬಿ ಚೆನ್ನಾಗಿ ಬರುತ್ತೆ ಅಲ್ವಾ?" ಎಂದು ನನ್ನನ್ನೇ ಕೇಳಿದರು. ಜನ ತಿನ್ನುವುದನ್ನು ಬೆಳೆಯಲೆಂದೇ ಮಾಡಿದ ತೋಟದಲ್ಲಿ, ಗುಲಾಬಿ.

ತೊಂಬತ್ತನೇ ದಿನವಾದ ನಿನ್ನೆ ತಪಾಸಣೆ ನಡೆಯಿತು. ಲೋರ್ನಾ ಉದ್ದನೆಯ ಥರ್ಮಾಮೀಟರನ್ನು ಗುಡ್ಡೆಯ ಅಂಚಿಗೆ ಮೆಲ್ಲನೆ ತೂರಿಸಿದರು. ಮೂವತ್ತಮೂರು ಡಿಗ್ರಿ. ಅರ್ಧ ಗಂಟೆ ಬಿಟ್ಟು ನೋಡಿದರೂ ಮೂವತ್ತಮೂರೇ. ನಾಲ್ಕು ಡಬ್ಬಿ, ಮೂರು ಕಾರ್ಯಾಗಾರ, ಒಬ್ಬ ಪರಿಣತರು ಇದ್ದೂ ನಮ್ಮ ಕಾಂಪೋಸ್ಟ್ ಆರಿದ ಚಹಾಕ್ಕಿಂತ ಬಿಸಿಯಾದದ್ದಿಲ್ಲ. ನಿಯಮದಲ್ಲಿ "ಕೃಷಿ ಅಥವಾ ಗೊಬ್ಬರ ತಯಾರಿಕೆ" ಎಂದಿರುವುದರಿಂದ ಹನ್ನೊಂದನೇ ಪಾತಿ ಮಾದರಿ ಪಾತಿಯೆಂದು ಲೋರ್ನಾ ಬರೆದುಕೊಂಡರು, ನಾನು ನಾಚಿಕೆಯಿಲ್ಲದೆ ತಲೆದೂಗಿದೆ. ಆಗ ಕ್ಲೈವ್, "ಗೊಬ್ಬರ ಮಾಡ್ತಿರೋದು ಇವನಲ್ಲವಲ್ಲ" ಎಂದುಬಿಟ್ಟರು.

ಲೋರ್ನಾ ನ್ಯಾಯವಂತ ಹೆಂಗಸು, ಅದೇ ನಮ್ಮ ದುರದೃಷ್ಟ. ದುಡಿಯುವವರ ಹೆಸರು ಮೊದಲ ಹಿಡುವಳಿದಾರರಾಗಿ ದಾಖಲಾಗಲಿ, ಡೆನಿಸ್ ಎರಡನೆಯವನಾಗಿರಲಿ, ಭಾನುವಾರದೊಳಗೆ ಜಂಟಿ ಅರ್ಜಿ ಬಾರದಿದ್ದರೆ ಪಾತಿ ಕ್ಲೈವ್‌ಗೆ ಎಂದು ತೀರ್ಪಿತ್ತರು. ಆದ್ದರಿಂದ, ಮಾನ್ಯರೇ, ಲಗತ್ತಿಸಿದ ಅರ್ಜಿಯ ಮೇಲೆ ತಮ್ಮ ಬಲಗಾಲನ್ನು ಒಮ್ಮೆ ಊರಬೇಕಾಗಿ ಪ್ರಾರ್ಥನೆ. ಪ್ರತಿಯಾಗಿ ನಾನು ತಮ್ಮ ಕೊನೆಯ ಮರಿ ಗುಡ್ಡೆ ಒಡೆದು ತನ್ನ ಪಾಡಿಗೆ ತಾನು ಹೋಗುವವರೆಗೆ ಗುದ್ದಲಿ ಎತ್ತುವುದಿಲ್ಲ, ತಮ್ಮ ಕಾಮಗಾರಿಗೆ ಸಲಹೆ ಕೊಡುವುದಿಲ್ಲ, ಕ್ಲೈವ್ ಅಳತೆ ಟೇಪು ತಂದರೆ ತಮಗಿಂತ ಮೊದಲು ನಾನೇ ಅಟ್ಟಿಸಿಕೊಂಡು ಹೋಗುತ್ತೇನೆ. ಆಮೇಲೆ ಉಳಿಯುವ ಗೊಬ್ಬರದಲ್ಲಿ ಒಂದು ಮೊಳದಷ್ಟು ಜಾಗ ನನಗೆ ಬಿಟ್ಟುಕೊಟ್ಟರೆ ಸಾಕು. ಆ ಗೊಬ್ಬರದಲ್ಲಿ ನನ್ನಂಥವನು ಬಿತ್ತಿದರೂ ಗಿಡ ಬಂದೀತು ಎಂದು ಅಜ್ಜಿ ಹೇಳಿದ್ದಾರೆ.

ಇಂತಿ, ತಮ್ಮ ವಿಶ್ವಾಸಿಯೂ ಇನ್ನು ಮುಂದೆ ತಮ್ಮ ಒಕ್ಕಲೂ ಆದ,
ಡೆನಿಸ್ ಹಾರಿಗನ್

ತಾ.ಕ.: ಅರ್ಜಿಯನ್ನು ಮಸಿಯ ಪ್ಯಾಡಿನ ಸಮೇತ ಗುಡ್ಡೆಯ ಮೇಲಿಟ್ಟು ಬಂದ ಹತ್ತು ನಿಮಿಷದಲ್ಲಿ ತಾವು ಎರಡನ್ನೂ ಕೆದರಿ ಒಳಗೆ ಹೂತುಬಿಟ್ಟಿರಿ. ಲೋರ್ನಾ ಅದನ್ನು ಖುದ್ದಾಗಿ ನಿಂತು ನೋಡಿ, "ತಗೊಂಡು ಫೈಲಿಗೆ ಸೇರಿಸಿದಾನೆ, ಮುಗೀತು" ಎಂದು ಮೊದಲ ಹಿಡುವಳಿದಾರರಾಗಿ ತಮ್ಮ ಹೆಸರನ್ನು ಪುಸ್ತಕದಲ್ಲಿ ಬರೆದರು. ಅಭಿನಂದನೆಗಳು. ಶನಿವಾರದ ಶ್ರಮದಾನಕ್ಕೆ ಮೊದಲ ಹಿಡುವಳಿದಾರರು ಹಾಜರಿರುವುದು ಕಡ್ಡಾಯ. ತೋಟದ ಶೌಚಾಲಯ ತೊಳೆಯುವ ಸರದಿ ಈ ಬಾರಿ ಹನ್ನೊಂದನೇ ಪಾತಿಯದು. ತಾವು ಗೈರುಹಾಜರಾಗುವುದನ್ನೇ ಕಾಯುತ್ತಿರುವ ಕ್ಲೈವ್ ಪೊರಕೆ ಹಿಡಿದು ತಮ್ಮನ್ನು ಹುಡುಕಿಕೊಂಡು ಬರುತ್ತಾರೆ.