ಒಂದು ಷೇರು, ಒಂದು ಮೀಸೆ

ಮಂಡ್ಯದ ನಮ್ಮ ಪುಟ್ಟ ಷೇರು ಆಫೀಸಿನಲ್ಲಿ ನಗು ತಡೆದುಕೊಂಡು ಕೂರುವುದೇ ನನ್ನ ಅರ್ಧ ಕೆಲಸ. ಮಿಕ್ಕರ್ಧ, ಗಿರಾಕಿಗಳು ಹೇಳಿದ್ದನ್ನು ಕೊಳ್ಳುವುದು, ಮಾರುವುದು. ಅದರಲ್ಲೂ ಒಂದು ಫ್ಯಾನು ಕಂಪನಿಯ ಷೇರಿನ ಹಿಂದೆ ನಮ್ಮ ಇಬ್ಬರು ಗಿರಾಕಿಗಳು ಬಿದ್ದಿದ್ದನ್ನು ನೆನೆಸಿಕೊಂಡರೆ ಈಗಲೂ ನಕ್ಕು ನಕ್ಕು ಹೊಟ್ಟೆ ಹುಣ್ಣಾಗುತ್ತದೆ.

ಮರದಲ್ಲಿರುವ ಕಾಯಿ

ಒಬ್ಬರು ಮದ್ದೂರಿನ ಎಳನೀರು ಮಂಡಿ ಯಜಮಾನರು. ದೊಡ್ಡ ಗಂಟಲು, ಅದಕ್ಕಿಂತ ದೊಡ್ಡ ಮೀಸೆ.

"ಸಾರ್ಟು ಅಂತಾರಲ್ಲ, ಅದೇನಪ್ಪ?" ಎಂದು ಕೇಳಿದರು.

"ಶಾರ್ಟಾ? ಷೇರು ನಿಮ್ಮದಲ್ಲ. ಬಾಡಿಗೆಗೆ ತಂದು ಇವತ್ತಿನ ರೇಟಿಗೆ ಮಾರ್ತೀರಿ. ರೇಟು ಬಿದ್ದ ಮೇಲೆ ಕೊಂಡು ವಾಪಸ್ ಕೊಡ್ತೀರಿ. ನಡುವೆ ಉಳಿದ ದುಡ್ಡು ನಿಮ್ಮದು."

ಇನ್ನೊಮ್ಮೆ ಬಿಡಿಸಿ ಹೇಳೋಣವೆಂದು ಬಾಯಿ ತೆಗೆಯುವಷ್ಟರಲ್ಲಿ ಯಜಮಾನರು ತೊಡೆ ತಟ್ಟಿದರು. "ಅಯ್ಯೋ, ಇದು ನಾವು ದಿನಾ ಮಾಡಾದೇ ಕಣಪ್ಪ! ಕಾಯಿ ಇನ್ನೂ ಮರದಲ್ಲಿರ್ತದೆ, ಮರ ಯಾರ್ದೋ ಆಗಿರ್ತದೆ, ನಾನು ಆಗ್ಲೇ ಒಂದು ಲಾರಿ ಕಾಯಿ ಮುಂಬೈಗೆ ಮಾರಿರ್ತೀನಿ!"

ಅವತ್ತೇ ಫ್ಯಾನು ಕಂಪನಿ ಷೇರು ಬಾಡಿಗೆಗೆ ತರಿಸಿ ಮಾರಿಬಿಟ್ಟರು. ಹೊರಡುವಾಗ ಬಾಗಿಲಲ್ಲಿ ನಿಂತರು. "ಕಾಯಿ ಕೊಡ್ನಿಲ್ಲ ಅಂದ್ರೆ ಮುಂಬೈನವ್ನು ಫೋನಲ್ಲಿ ಬಯ್ತಾನೆ. ಇಲ್ಲಿ ಯಾರಪ್ಪ ಬಯ್ಯೋರು?"

"ನಾನೇ" ಎಂದೆ.

"ಅಂಗಾದ್ರೆ ಪರ್ವಾಗಿಲ್ಲ ಬುಡು" ಎಂದು ಆರಾಮವಾಗಿ ಹೋದರು.

ಒಂದೇ ಲೆಕ್ಕ, ಎರಡು ಹಬ್ಬ

ಇನ್ನೊಬ್ಬರು ಮಳವಳ್ಳಿಯ ನಿವೃತ್ತ ಟೀಚರಮ್ಮ. ಅದೇ ಷೇರನ್ನು ರಾಶಿ ರಾಶಿ ಕೊಂಡಿಟ್ಟವರು. ಹೀಗೆ ಶಾರ್ಟು ಮಾಡಿ ಇನ್ನೂ ವಾಪಸ್ ಕೊಳ್ಳದೆ ಉಳಿದ ಷೇರು ಎಷ್ಟು ಎಂಬ ಲೆಕ್ಕವನ್ನು ನಾನು ಬೆಳಿಗ್ಗೆ ಓದಿ ಹೇಳಬೇಕಿತ್ತು. ಇಬ್ಬರೂ ಕಿವಿ ನೆಟ್ಟಗೆ ಮಾಡಿಕೊಂಡು ಕೂರುತ್ತಿದ್ದರು.

"ಶಾರ್ಟು ಏರಿದೆ" ಎಂದೆ ಒಂದು ದಿನ.

"ನೋಡ್ದಾ! ಇಷ್ಟು ಜನ ನನ್ ಕಡೆ ಅವ್ರೆ. ಸೇರು ಬೀಳ್ತದೆ!" ಎಂದು ಯಜಮಾನರು ಕುಣಿದರು.

"ಅಷ್ಟು ಜನಾನೂ ವಾಪಸ್ ಕೊಳ್ಳಲೇಬೇಕಲ್ಲಪ್ಪ? ಎಲ್ರೂ ಒಂದೇ ದಿನ ನುಗ್ಗಿದ್ರೆ ರೇಟು ಆಕಾಶಕ್ಕೆ!" ಎಂದು ಟೀಚರಮ್ಮನೂ ಕುಣಿದರು.

ಶಾರ್ಟು ಏರಿದ ದಿನವೆಲ್ಲ ಅವರಿಂದ ಎಳನೀರು, ಇವರಿಂದ ನಿಪ್ಪಟ್ಟು. ಕಂಪನಿ ಮುಳುಗಲಿ, ತೇಲಲಿ, ಶಾರ್ಟು ಮಾತ್ರ ಏರಲಪ್ಪ ಎಂದು ನಾನು ದಿನಾ ಕೈ ಮುಗಿಯುತ್ತಿದ್ದೆ.

ದೀಪ ಹಚ್ಚುವ ಹೊತ್ತು

ಆ ಷೇರನ್ನು ಬಾಡಿಗೆಗೆ ಕೇಳುವವರು ಹೆಚ್ಚಾದರು. ಒಂದು ಸಂಜೆ ಟೀಚರಮ್ಮನಿಗೆ ಫೋನು ಮಾಡಿದೆ. "ಅಮ್ಮಾ, ನಿಮ್ಮ ಷೇರು ಸುಮ್ನೆ ಕೂತಿದೆ. ಬಾಡಿಗೆಗೆ ಕೊಡ್ತೀರಾ?"

"ದೀಪ ಹಚ್ಚೋ ಹೊತ್ತಲ್ಲಿ ಪಕ್ಕದ್ಮನೆಗೆ ಮೊಸರೂ ಕೊಡಲ್ಲ ಕಣಪ್ಪ, ಷೇರು ಕೊಡ್ತೀನಾ?"

"ಹಾಗಾದ್ರೆ ನಾಳೆ ಬೆಳಿಗ್ಗೆ?"

"ನಾಳೆ ಮಂಗಳವಾರ. ಲಕ್ಷ್ಮೀನ ಮನೆಯಿಂದಾಚೆ ಕಳಿಸ್ಬಾರ್ದು. ಅದಿರ್ಲಿ, ತಗೊಂಡೋರು ಏನು ಮಾಡ್ತಾರೆ?"

"ಮಾರ್ತಾರೆ. ರೇಟು ಬೀಳ್ಲಿ ಅಂತ ಕಾಯ್ತಾರೆ."

"ನನ್ ಮಚ್ಚನ್ನೇ ಕೊಟ್ಟು ನನ್ ತೋಟದ ಗೊನೆ ಕಡಿಸ್ಕೊಳ್ಳೋಕೆ ನಂಗೆ ಬಾಡಿಗೆ ಬೇರೆ ಕೊಡುಸ್ತೀಯಾ?" ಎಂದು ಫೋನಿಟ್ಟರು.

ರಾಹುಕಾಲ

ಇದು ಎಲ್ಲಕ್ಕಿಂತ ದೊಡ್ಡದು. ಆ ವಾರ ಯಜಮಾನರು ಆಫೀಸಿನಲ್ಲಿ ಎಲ್ಲರೆದುರು ಮೀಸೆ ತಿರುವಿ ಕೂಗಿದರು. "ಸುಕ್ರವಾರ ಸಂಜೆಯೊಳ್ಗೆ ಈ ಸೇರು ಇವತ್ತಿನ ರೇಟಿಗಿಂತ ಕೆಳೀಕೆ ಬರ್ದೆ ಓದ್ರೆ ಮೀಸೆ ಬೋಳುಸ್ತೀನಿ!"

ಬಾಡಿಗೆಗೆ ತಂದ ಷೇರನ್ನು ಕೊಂಡು ವಾಪಸ್ ಕೊಡುವ ಗಡುವೂ ಶುಕ್ರವಾರವೇ. ಭಾನುವಾರ ಅವರ ಮಗಳ ನಿಶ್ಚಿತಾರ್ಥ. ಅವರ ಹೆಂಡತಿ ನನಗೆ ಫೋನು ಮಾಡಿ ಗೋಳಾಡಿದರು. "ಮೀಸೆ ಇಲ್ದೆ ನಿಂತ್ಕಂಡ್ರೆ ಅನಕೆರೆ ಬೀಗ್ರು ಯಜಮಾನ್ರೆಲ್ಲಿ ಅಂತ ಇವ್ರನ್ನೇ ಕೇಳ್ತಾರೆ ಕಣಪ್ಪ!"

ಶುಕ್ರವಾರ ಬೆಳಿಗ್ಗೆಯೇ ಕಂಪನಿಗೆ ದೊಡ್ಡ ಆರ್ಡರು ಸಿಕ್ಕಿದೆಯಂತೆ ಎಂದು ಸುದ್ದಿ ಹಬ್ಬಿತು. ಶಾರ್ಟು ಮಾಡಿದವರೆಲ್ಲ ಕೊಳ್ಳಲು ನುಗ್ಗಿದರು. ರೇಟು ಜಿಗಿಯತೊಡಗಿತು. ಹತ್ತೂವರೆ ದಾಟಿದ ಮೇಲೆ ಯಜಮಾನರು ಓಡಿ ಬಂದರು.

"ತಗೊಂಬಿಡಿ ಯಜಮಾನ್ರೇ, ಏರ್ತಿದೆ!" ಎಂದು ಕಿರುಚಿದೆ.

"ರಾವುಕಾಲ ಕಣಪ್ಪ! ರಾವುಕಾಲ್ದಲ್ಲಿ ನಮ್ಮಪ್ಪ ಒಂದು ಕಾಯೂ ಕೊಂಡಿಲ್ಲ!"

"ಹನ್ನೆರಡರ ತನಕ ಕಾದ್ರೆ ಮುಳುಗ್ತೀರಿ!"

"ಮುಳುಗುದ್ರೂ ಒಳ್ಳೆ ಗಳಿಗೇಲೇ ಮುಳುಗ್ತೀನಿ!"

ಅವರು ಗಡಿಯಾರ ನೋಡಿದರು, ನಾನು ರೇಟು ನೋಡಿದೆ, ಎರಡೂ ಮೇಲಕ್ಕೇ ಹೋಗುತ್ತಿದ್ದವು. ಮೂಲೆಯಲ್ಲಿದ್ದ ಟೀಚರಮ್ಮ ಎದ್ದು ಬಂದು ಮೆಲ್ಲಗೆ ಹೇಳಿದರು. "ನಂದೆಲ್ಲ ಮಾರ್ಬಿಡಪ್ಪ."

"ಅಮ್ಮಾ, ರಾಹುಕಾಲ? ಲಕ್ಷ್ಮಿ?"

"ಕೊಳ್ಳಬಾರ್ದು ಅಂತಾರೆ. ಮಾರಬಾರ್ದು ಅಂತ ಯಾರೂ ಅಂದಿಲ್ಲ. ಲಕ್ಷ್ಮಿ ಇವತ್ತು ಮನೆಗೆ ಬರ್ತಾವ್ಳೆ, ಆಚೆ ಹೋಗ್ತಿಲ್ಲ."

ಮಾರಿದೆ. ಹನ್ನೆರಡು ಬಡಿಯಿತು. ಯಜಮಾನರು ಮೀಸೆ ಮುಟ್ಟಿಕೊಂಡು, ದೇವರಿಗೆ ಕೈ ಮುಗಿದು, "ಈಗ ತಗೋ" ಎಂದರು. ಅವತ್ತಿನ ಅತಿ ಹೆಚ್ಚಿನ ರೇಟಿಗೆ ಕೊಂಡೆ.

ಊಟದ ಹೊತ್ತು ಕಳೆದ ಮೇಲೆ, ಆರ್ಡರು ಗೀರ್ಡರು ಏನೂ ಇಲ್ಲ ಎಂದು ಕಂಪನಿಯವರೇ ಹೇಳಿದರು. ಷೇರು ದಬದಬನೆ ಉರುಳಿತು. ಬಾಗಿಲು ಮುಚ್ಚುವ ಹೊತ್ತಿಗೆ ಪಂಥದ ರೇಟಿಗಿಂತಲೂ ಕೆಳಗೆ! ಯಜಮಾನರು ಕುರ್ಚಿಯಿಂದ ನೆಗೆದು ನನ್ನನ್ನು ತಬ್ಬಿಕೊಂಡರು.

"ನಾ ಏಳ್ನಿಲ್ವಾ ಬೀಳ್ತದೆ ಅಂತ? ಉಳೀತು ಕಣಪ್ಪ ನನ್ ಮೀಸೆ!"

ಟೀಚರಮ್ಮ ಬ್ಯಾಗು ಹೆಗಲಿಗೇರಿಸಿಕೊಂಡು ಅವರ ಮುಂದೆ ನಿಪ್ಪಟ್ಟಿನ ಡಬ್ಬಿ ಇಟ್ಟರು.

"ಮೀಸೆ ನಿಮ್ಗೇ ಇರ್ಲಿ ಯಜಮಾನ್ರೇ. ನಂಗೆ ರಾಹುಕಾಲ ಸಾಕು."